ಉಪವಾಸವಲ್ಲ, ಕಾಯಿಲೆ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬೇರೆಯವರ ಮನೆಗಳ ಕಷ್ಟಸುಖಗಳನ್ನು ಬರೆಯುತ್ತೇವೆ. ಈ ತಿಂಗಳು ನಮ್ಮ ಅಕ್ಕನ ಮನೆಯ ವಿಷಯ ಬರೆಯುತ್ತಿದ್ದೇವೆ. ಬರೆಯುವ ಮೊದಲು ಅಕ್ಕನ ಮಗಳ ಒಪ್ಪಿಗೆ ಕೇಳಿದೆವು. ಅವಳು ಎರಡು ದಿನ ಯೋಚಿಸಿ, “ಬರೀರಿ ಮಾಮ. ಆದರೆ ನನ್ನ ಹೆಸರು ಬೇಡ, ನಾನು ಆಗ ಎಷ್ಟು ಕಿಲೋ ಇದ್ದೆ ಅಂತಲೂ ಬೇಡ” ಎಂದಳು. ಹೆಸರು ಬೇಡವೆಂದದ್ದು ನಮಗೆ ಅರ್ಥವಾಯಿತು. ಕಿಲೋದ ಲೆಕ್ಕ ಏಕೆ ಬೇಡವೆಂದು ಕೇಳಿದೆವು. “ಓದಿದ ಹುಡುಗಿ ಯಾರಾದರೂ ಅದಕ್ಕಿಂತ ಕಡಿಮೆ ಆಗಬೇಕು ಅಂತ ಹಟ ಹಿಡಿದರೆ? ಆಗ ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ” ಎಂದಳು. ಹದಿನೈದು ವರ್ಷಗಳಿಂದ ಗುರುಗಳಾಗಿ ಎಷ್ಟೋ ಮಂದಿಗೆ ಬುದ್ಧಿ ಹೇಳಿದ ನಮಗೆ ಆ ಒಂದು ಮಾತಿನಲ್ಲಿ ಈ ಕಾಯಿಲೆಯ ಒಳಗುಟ್ಟು ತಿಳಿಯಿತು. ಆದ್ದರಿಂದ ಈ ಬರಹದಲ್ಲಿ ತೂಕದ ಅಂಕೆಗಳು ಇರುವುದಿಲ್ಲ.

ನಾವು ಹೊಗಳಿದ ಉಪವಾಸ

ಮೂರು ವರ್ಷಗಳ ಹಿಂದಿನ ತಪಸ್ಸು ಕಾಲ. ಅಕ್ಕನ ಮನೆ ನಮ್ಮ ಧರ್ಮಕೇಂದ್ರದಿಂದ ಅರ್ಧ ಗಂಟೆಯ ದಾರಿ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಹೋಗಿದ್ದೆವು. ಭಾವ ಗಲ್ಫಿನಲ್ಲಿ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಅಕ್ಕ, ಅವರ ಅತ್ತೆ, ಹದಿನಾರು ವರ್ಷದ ಮಗಳು ಮತ್ತು ಹನ್ನೆರಡರ ಮಗ. ಅಕ್ಕ ಬಂಗುಡೆ ಸಾರು ಮಾಡಿದ್ದರು. ಹುಡುಗಿ ಮೀನನ್ನು ಪಕ್ಕಕ್ಕೆ ಸರಿಸಿದಳು. ಅನ್ನವನ್ನೂ ನಾಲ್ಕು ತುತ್ತಿಗೆ ನಿಲ್ಲಿಸಿದಳು. ಕೇಳಿದ್ದಕ್ಕೆ, “ತಪಸ್ಸು ಕಾಲ ಅಲ್ವಾ ಮಾಮ” ಎಂದು ನಕ್ಕಳು.

ನಮಗೆ ಬಹಳ ಸಂತೋಷವಾಯಿತು. ಈಗಿನ ಮಕ್ಕಳಲ್ಲಿ ಇಂಥ ಶ್ರದ್ಧೆ ಎಲ್ಲಿದೆ ಎಂದುಕೊಂಡೆವು. ಅವಳ ತಮ್ಮನಿಗೆ, “ಅಕ್ಕನನ್ನು ನೋಡಿ ಕಲಿ” ಎಂದೆವು. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಭಾನುವಾರ ಬಲಿಪೂಜೆಯ ಪ್ರಸಂಗದಲ್ಲಿ ಹೆಸರು ಹೇಳದೆ, ‘ನಮ್ಮ ಬಂಧುಗಳ ಮನೆಯ ಒಬ್ಬ ಮಗಳು’ ಎಂದು ಅವಳ ತ್ಯಾಗವನ್ನು ಹೊಗಳಿದೆವು. ಈ ಹೊಗಳಿಕೆ ಅಕ್ಕನ ಮೂಲಕ ಅವಳ ಕಿವಿಗೂ ಮುಟ್ಟಿತು. ಆ ವಾರದಿಂದ ಅವಳು ಬೆಳಗಿನ ತಿಂಡಿಯನ್ನೂ ಬಿಟ್ಟಳು ಎಂಬುದು ನಮಗೆ ತಿಳಿದದ್ದು ತಿಂಗಳುಗಳ ನಂತರ.

ಪಾಸ್ಖ ಹಬ್ಬ ಬಂತು. ಮನೆಯವರೆಲ್ಲರೂ ಸಣ್ಣ, ಕೋಳಿ ಸಾರು ಉಂಡರು. ಅವಳು ಹೊಟ್ಟೆ ಸರಿಯಿಲ್ಲವೆಂದು ಕೋಣೆಗೆ ಹೋದಳು. ತಪಸ್ಸು ಕಾಲ ಮುಗಿದಿತ್ತು, ಅವಳ ಉಪವಾಸ ಮುಗಿಯಲಿಲ್ಲ. ನಾವು ಅಲ್ಲಿಯೇ ಎಚ್ಚರಗೊಳ್ಳಬೇಕಿತ್ತು. ಪರೀಕ್ಷೆಯ ಚಿಂತೆ ಇರಬೇಕು, ಕಾಮಾಲೆ ಇರಬೇಕು, ದೃಷ್ಟಿಯಾಗಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳಿದೆವು.

ದೇಹ ಹೇಳಿದ ಸತ್ಯ

ಮೊದಲು ಅನುಮಾನಪಟ್ಟವರು ಅಜ್ಜಿ. ಅವರು ಮೊಮ್ಮಗಳ ತಲೆ ಬಾಚುವಾಗ ಹಣಿಗೆಯಲ್ಲಿ ಕೂದಲು ಮುಷ್ಟಿಗಟ್ಟಲೆ ಬರುತ್ತಿತ್ತು. ನಮ್ಮ ಕರಾವಳಿಯ ಏಪ್ರಿಲ್ ತಿಂಗಳ ಸೆಕೆಯಲ್ಲಿ ಫ್ಯಾನ್ ಹಾಕಿದರೆ ಚಳಿಯೆಂದು ಹುಡುಗಿ ಹೊದ್ದುಕೊಳ್ಳುತ್ತಿದ್ದಳು. ಕೈಬೆರಳುಗಳು ತಣ್ಣಗೆ, ಉಗುರುಗಳು ನೀಲಿ. ಕೈಗಳ ಮೇಲೆ, ಬೆನ್ನಿನ ಮೇಲೆ ಹಸುಗೂಸಿಗೆ ಇರುವಂಥ ನವಿರಾದ ರೋಮ ಬೆಳೆದಿತ್ತು. ಮುಟ್ಟು ನಿಂತು ಮೂರು ತಿಂಗಳಾಗಿತ್ತು. ಅಕ್ಕ ಒಬ್ಬ ವೈದ್ಯರ ಬಳಿ ಕರೆದುಕೊಂಡು ಹೋದರು. ಹಸಿವಾಗಲು ಟಾನಿಕ್ ಬರೆದುಕೊಟ್ಟು, “ಡಯಟ್ ಗಿಯಟ್ ಬಿಡು” ಎಂದು ಗದರಿಸಿ ಕಳಿಸಿದರು.

ಮೇ ತಿಂಗಳಲ್ಲಿ ವಾಡೆಯ ಜಪಮಾಲೆ ಪ್ರಾರ್ಥನೆ ಅಕ್ಕನ ಮನೆಯಲ್ಲಿತ್ತು. ಮೊಣಕಾಲೂರಿದ್ದವಳು ಎದ್ದು ನಿಂತಳು. ನಿಂತ ಹಾಗೆಯೇ ಕುಸಿದಳು. ಅದೇ ರಾತ್ರಿ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಲಾಯಿತು. ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿತ್ತು. ಮಲಗಿದ್ದಾಗ ಇದ್ದ ರಕ್ತದೊತ್ತಡ ನಿಂತ ಕೂಡಲೇ ಇಳಿಯುತ್ತಿತ್ತು. ರಕ್ತ ಪರೀಕ್ಷೆಯ ವರದಿಯನ್ನು ಕಂಡು, “ಎಲ್ಲಾ ನಾರ್ಮಲ್ ಇದೆಯಲ್ಲಾ” ಎಂದು ನಾವು ಸಮಾಧಾನಪಟ್ಟೆವು. ಅಲ್ಲಿದ್ದ ತರುಣ ವೈದ್ಯೆ ತಾಳ್ಮೆಯಿಂದ ತಿಳಿಸಿ ಹೇಳಿದರು: ಈ ಕಾಯಿಲೆಯಲ್ಲಿ ರಕ್ತದ ವರದಿ ಬಹಳ ದಿನ ಸರಿಯಾಗಿಯೇ ಇರುತ್ತದೆ, ಅದನ್ನು ನಂಬಿ ಕೂರಬಾರದು. ದೇಹಕ್ಕೆ ಅನ್ನ ಸಿಗದಿದ್ದಾಗ ಅದು ಒಂದೊಂದೇ ಕೋಣೆಯ ದೀಪ ಆರಿಸುತ್ತಾ ಹೋಗುತ್ತದೆ. ಕೂದಲು, ಮುಟ್ಟು, ಮೈಬಿಸಿ ಮೊದಲು. ನಂತರ ಮೂಳೆ. ಹೃದಯದ ಮಾಂಸವೂ ಕರಗುತ್ತದೆ. ಹದಿವಯಸ್ಸು ಮೂಳೆಗಳು ಗಟ್ಟಿಯಾಗುವ ಕಾಲ. ಆಗ ಕಳೆದುಕೊಂಡದ್ದನ್ನು ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ.

ಮೊದಲ ದಿನವೇ ಅಕ್ಕ ಮನೆಯಿಂದ ಬುತ್ತಿ ತುಂಬಿಸಿ ತಂದಿದ್ದರು. ವೈದ್ಯೆ ಬೇಡವೆಂದರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಎಂಬ ಲವಣಗಳು ಥಟ್ಟನೆ ಇಳಿದು ಹೃದಯಕ್ಕೆ ಅಪಾಯವಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡುಗಡೆಯಾದ ಹಸಿದ ಜನರಲ್ಲಿ ಕೆಲವರು ಊಟ ಸಿಕ್ಕಿದ ಮೇಲೆಯೇ ಸತ್ತದ್ದು ಇದೇ ಕಾರಣದಿಂದ. ಆದ್ದರಿಂದ ತೀರಾ ಸೊರಗಿದ ಮಕ್ಕಳಿಗೆ ಊಟ ಆರಂಭಿಸುವುದು ವೈದ್ಯರ ಕಣ್ಣೆದುರಿಗೇ ಆಗಬೇಕು. ಪ್ರೀತಿ ಇದ್ದರೂ ಅವಸರ ಕೂಡದು.

ಹಟವಲ್ಲ, ಜಂಬವೂ ಅಲ್ಲ

ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ. 1873ರಲ್ಲಿ ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ಅವರು ಇದಕ್ಕೆ ಈ ಹೆಸರಿಟ್ಟರು. ಟಿ.ವಿ., ಮೊಬೈಲು ಬರುವುದಕ್ಕೆ ಎಷ್ಟೋ ಮೊದಲು ಎಂಬುದನ್ನು ಗಮನಿಸಬೇಕು. ಇದರ ಒಡಹುಟ್ಟು ಬುಲಿಮಿಯಾ. ಅದರಲ್ಲಿ ಗುಟ್ಟಾಗಿ ಅತಿಯಾಗಿ ತಿನ್ನುವುದು, ಆಮೇಲೆ ಪಶ್ಚಾತ್ತಾಪದಿಂದ ತಿಂದದ್ದನ್ನು ಹೊರಹಾಕುವುದು. ಇಂಥವರು ನೋಡಲು ಸಪೂರ ಇರಲೇಬೇಕೆಂದಿಲ್ಲ. ಕೆನ್ನೆಯ ಬದಿ ಊದಿಕೊಂಡಿರುವುದು, ಹಲ್ಲಿನ ಹೊಳಪು ಸವೆದು ಜುಮ್ಮೆನ್ನುವುದು, ಊಟವಾದ ಕೂಡಲೇ ಬಚ್ಚಲಿಗೆ ಓಡುವುದು ಇದರ ಗುರುತುಗಳು. ಹೊಟ್ಟೆಯ ಆಮ್ಲ ತಾಗಿದ ಹಲ್ಲನ್ನು ಕೂಡಲೇ ಉಜ್ಜಿದರೆ ಇನ್ನಷ್ಟು ಸವೆಯುತ್ತದೆ, ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕೆಂದು ದಂತವೈದ್ಯರು ಹೇಳುತ್ತಾರೆ. ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪುವ ಅಪಾಯ ಇಲ್ಲಿ ದೊಡ್ಡದು. ಇವು ಹುಡುಗಿಯರ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಜಿಮ್ಮಿಗೆ ಹೋಗುವ, ಓಟಕ್ಕೆ ತಯಾರಾಗುವ ಹುಡುಗರಿಗೂ ಬರುತ್ತದೆ.

ಮನೋವೈದ್ಯರನ್ನು ಕಾಣಬೇಕು ಎಂದಾಗ ಅಕ್ಕ ಅತ್ತುಬಿಟ್ಟರು. “ನನ್ನ ಮಗಳಿಗೆ ಹುಚ್ಚಾ?” ಎಂದರು. ಅಜ್ಜಿಗೆ ಮುಂದೆ ಮದುವೆಯ ಮಾತು ಬಂದಾಗ ಏನು ಎಂಬ ಚಿಂತೆ. ಒಬ್ಬರು ಧ್ಯಾನಕೂಟಕ್ಕೆ ಕರೆದೊಯ್ಯಿರಿ, ಎಲ್ಲಾ ಸರಿಹೋಗುತ್ತದೆ ಎಂದರು. ಪ್ರಾರ್ಥನೆಯಲ್ಲಿ ನಮಗೆ ನಂಬಿಕೆ ಇಲ್ಲದಿಲ್ಲ. ಆದರೆ ಕಾಲು ಮುರಿದವನಿಗೆ ಪ್ರಾರ್ಥನೆಯ ಜೊತೆ ಪ್ಲಾಸ್ಟರೂ ಬೇಕು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಪ್ರಾಣ ತೆಗೆಯುವವುಗಳಲ್ಲಿ ಇದೂ ಒಂದು. 2025ರ ಮಾರ್ಚ್ ತಿಂಗಳಲ್ಲಿ ಉತ್ತರ ಕೇರಳದ ಒಬ್ಬ ಕಾಲೇಜು ವಿದ್ಯಾರ್ಥಿನಿ ತಿಂಗಳುಗಟ್ಟಲೆ ಊಟ ಬಿಟ್ಟು ತೀರಿಕೊಂಡ ಸುದ್ದಿಯನ್ನು ನೀವೂ ಓದಿರಬಹುದು. ಆ ಪತ್ರಿಕೆಯನ್ನು ಅಕ್ಕ ಮಡಚಿ ಕಪಾಟಿನಲ್ಲಿಟ್ಟಿದ್ದಾರೆ. ಅದನ್ನು ನಾವಿಬ್ಬರೂ ಮಾತಾಡಿಕೊಂಡಿಲ್ಲ.

ಮನೋವೈದ್ಯರು ಅಕ್ಕನಿಗೆ ಹೇಳಿದ ಮೊದಲ ಮಾತು, “ಇದು ನಿಮ್ಮ ತಪ್ಪಲ್ಲ” ಎಂದು. ಹುಟ್ಟಿನಿಂದ ಬಂದ ಗುಣ, ಎಲ್ಲದರಲ್ಲೂ ನೂರಕ್ಕೆ ನೂರು ಬರಬೇಕೆಂಬ ಸ್ವಭಾವ, ಹರೆಯದ ಬದಲಾವಣೆ, ಯಾರೋ ಆಡಿದ ಒಂದು ಮಾತು, ಸಣ್ಣಗಾಗಲು ಶುರುಮಾಡಿದ ಪಥ್ಯ – ಇವೆಲ್ಲ ಕೂಡಿ ಕಾಯಿಲೆಯಾಗುತ್ತದೆ. ಒಂದೇ ಕಾರಣ ಹುಡುಕಿ ಒಬ್ಬರ ತಲೆಗೆ ಕಟ್ಟಲಾಗದು.

ಅವರು ಒಂದು ಹಳೆಯ ಪ್ರಯೋಗದ ಕಥೆಯನ್ನೂ ಹೇಳಿದರು. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ನೋಡಿದರು. ಆ ಯುವಕರು ಧರ್ಮದ ಕಾರಣ ಯುದ್ಧಕ್ಕೆ ಹೋಗಲು ಒಪ್ಪದೆ, ಹಸಿದವರಿಗೆ ನೆರವಾಗಲೆಂದು ತಾವಾಗಿ ಮುಂದೆ ಬಂದವರು. ಯಾರಿಗೂ ಮೊದಲು ಕಾಯಿಲೆ ಇರಲಿಲ್ಲ. ಕೆಲವು ವಾರಗಳಲ್ಲಿ ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕಗಳನ್ನು ಕೂಡಿಸಿಟ್ಟರು. ಒಂದು ಬಟ್ಟಲು ಊಟವನ್ನು ಗಂಟೆಗಟ್ಟಲೆ ಕಲಸುತ್ತಾ ಕೂತರು. ಸಿಡುಕಿದರು, ಗೆಳೆಯರಿಂದ ದೂರವಾದರು, ಬೇಸಿಗೆಯಲ್ಲೂ ಚಳಿ ಎಂದರು. ನಮ್ಮ ಹುಡುಗಿಯೂ ಆ ತಿಂಗಳುಗಳಲ್ಲಿ ಮನೆಯವರಿಗೆಲ್ಲಾ ಕೇಕು ಮಾಡಿ ಬಡಿಸುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ. ಅನ್ನವನ್ನು ತುಂಡು ತುಂಡು ಮಾಡಿ ಬಟ್ಟಲಿನ ಅಂಚಿಗೆ ಒತ್ತುತ್ತಿದ್ದಳು. ಅದನ್ನು ನಾವು ಹಟ, ನಾಟಕ ಎಂದುಕೊಂಡಿದ್ದೆವು. ಅದು ಹಸಿವೆಯ ಮಾತಾಗಿತ್ತು. ಹಸಿವು ಮನಸ್ಸನ್ನು ಕೆಡಿಸುತ್ತದೆ, ಕೆಟ್ಟ ಮನಸ್ಸು ಇನ್ನಷ್ಟು ಹಸಿಯುವಂತೆ ಮಾಡುತ್ತದೆ. ಆದ್ದರಿಂದ ಈ ಕಾಯಿಲೆಗೆ ಮೊದಲ ಮದ್ದು ಊಟವೇ. ದೇಹ ಸ್ವಲ್ಪ ತುಂಬಿದ ಮೇಲೆಯೇ ಬುದ್ಧಿಮಾತು ಒಳಗೆ ಇಳಿಯುತ್ತದೆ.

ಬಟ್ಟಲಿನ ಬಳಿ ಕೂತವರು

ಎರಡು ವಾರಗಳ ನಂತರ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ವೈದ್ಯರು ತಿಳಿಸಿದ ಕ್ರಮ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಹದಿವಯಸ್ಸಿನ ಮಕ್ಕಳಿಗೆ ಇದರಿಂದ ಒಳ್ಳೆಯ ಫಲ ಕಂಡಿದೆ. ಅದರ ಸಾರ ಇಷ್ಟು: ಸದ್ಯಕ್ಕೆ ಏನು, ಎಷ್ಟು ಉಣ್ಣಬೇಕೆಂದು ಮಗು ತೀರ್ಮಾನಿಸಲಾರದು, ಆ ಭಾರವನ್ನು ತಂದೆತಾಯಿ ಹೊರಬೇಕು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ತಿಂಡಿ. ಪ್ರತಿ ಸಲವೂ ದೊಡ್ಡವರೊಬ್ಬರು ಜೊತೆಗೆ ಕೂತು ತಾವೂ ಉಣ್ಣಬೇಕು. ಬಟ್ಟಲು ಖಾಲಿಯಾಗುವವರೆಗೆ ಏಳಬಾರದು. ಬೈಯಬಾರದು, ಬೇಡಿಕೊಳ್ಳಬಾರದು, ಲಂಚ ಕೊಡಬಾರದು, ಚೌಕಾಸಿ ಮಾಡಬಾರದು.

ಹೇಳಲು ಸುಲಭ. ಮೊದಲ ವಾರ ಒಂದು ಬಟ್ಟಲು ಗಂಜಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಕ್ಕ ಕದಲಲಿಲ್ಲ. ಹುಡುಗಿ ಅತ್ತಳು, ಚಮಚ ಎಸೆದಳು, ತಾಯಿಗೆ ಆಡಬಾರದ್ದು ಆಡಿದಳು. “ಜ್ವರ ಏರಿದಾಗ ಮಕ್ಕಳು ಬಡಬಡಿಸುವುದಿಲ್ಲವಾ, ಇದೂ ಹಾಗೇ. ಜ್ವರ ಮಾತಾಡುತ್ತದೆ, ನನ್ನ ಮಗಳಲ್ಲ” ಎಂದು ಅಕ್ಕ ನಮಗೆ ಹೇಳಿದರು. ಯಾವ ದೇವಶಾಸ್ತ್ರದ ತರಗತಿಯಲ್ಲೂ ಕ್ಷಮೆಯ ಬಗ್ಗೆ ಇಷ್ಟು ಸರಳವಾಗಿ ನಾವು ಕೇಳಿರಲಿಲ್ಲ.

ಅಕ್ಕನಿಗೆ ಒಂದು ರಾತ್ರಿಯಾದರೂ ಬಿಡುವು ಸಿಗಲೆಂದು ಮಂಗಳವಾರದ ರಾತ್ರಿ ಊಟದ ಪಾಳಿ ನಮಗೆ ಬಂತು. ಮೊದಲ ಮಂಗಳವಾರ ನಾವು ಅಭ್ಯಾಸಬಲದಿಂದ ದೇಹವು ಪವಿತ್ರಾತ್ಮರ ಆಲಯ ಎಂದು ಶುರುಮಾಡಿದೆವು. ಹುಡುಗಿ, “ನೀವು ಹೋಗಿ ನಿಮ್ಮ ಇಗರ್ಜಿ ನೋಡಿಕೊಳ್ಳಿ” ಎಂದಳು. ಅಡುಗೆಮನೆಯಿಂದ ಅಕ್ಕ, “ಇಲ್ಲಿ ಪ್ರಸಂಗ ಬೇಡ ಮಾರಾಯ. ನೀನೂ ಬಟ್ಟಲು ಹಿಡಿದು ಉಣ್ಣು” ಎಂದರು. ಅಂದಿನಿಂದ ನಾವು ಸುಮ್ಮನೆ ಉಂಡೆವು. ಕ್ರಿಕೆಟ್, ಮಳೆ, ತೆಂಗಿನಕಾಯಿಯ ದರ, ಅವಳ ತಮ್ಮನ ಶಾಲೆಯ ಕಿತಾಪತಿ – ಇವುಗಳನ್ನು ಮಾತಾಡಿದೆವು. ಊಟದ ವಿಷಯ ಮಾತ್ರ ಇಲ್ಲ. ಅವಳ ಕೈ ನಿಂತಾಗ, “ಕಷ್ಟ ಅಂತ ಗೊತ್ತು. ಇನ್ನೊಂದು ತುತ್ತು” ಎನ್ನುವುದು. ಅಷ್ಟೇ.

ಭಾವ ರಜೆ ಮುಗಿಸಿ ಮರಳಿದ ಮೇಲೂ ಊಟ ತಪ್ಪಿಸಲಿಲ್ಲ. ನಮ್ಮ ರಾತ್ರಿ ಎಂಟಕ್ಕೆ ಅಲ್ಲಿ ಆರೂವರೆ. ಕೆಲಸ ಮುಗಿಸಿ ಕೋಣೆಗೆ ಬಂದು, ಫೋನನ್ನು ಎದುರಿಗಿಟ್ಟುಕೊಂಡು, ಹಸಿವಿದ್ದರೂ ಇಲ್ಲದಿದ್ದರೂ ಅವರೂ ಬಟ್ಟಲು ಹಾಕಿಕೊಂಡು ಕೂರುತ್ತಿದ್ದರು. ತಮ್ಮನಿಗೆ ಅಕ್ಕನನ್ನು ಕಾಯುವ ಪೊಲೀಸ್ ಕೆಲಸ ಕೊಡಬಾರದು ಎಂದು ವೈದ್ಯರು ಹೇಳಿದ್ದರು. ಅವನ ಪಾಲಿಗೆ ಬಂದದ್ದು ಊಟದ ನಂತರ ಒಂದು ಗಂಟೆ ಕೇರಂ. ಊಟವಾದ ಮೇಲಿನ ಆ ಗಂಟೆ ಇಂಥವರಿಗೆ ಅತಿ ಕಷ್ಟದ್ದು. ಒಬ್ಬಳೇ ಬಿಟ್ಟರೆ ಪಶ್ಚಾತ್ತಾಪ ಕಾಡುತ್ತದೆ. ಅವನು ಆಗ ಎಷ್ಟೋ ಆಟ ಸೋತಿದ್ದಾನೆ. ಬೇಕೆಂದೇ ಸೋತದ್ದು ಎಂದು ಈಗ ಹೇಳುತ್ತಾನೆ.

ಎರಡು ಸಂಗತಿ ನಮಗೆ ತಿಳಿದಿರಲಿಲ್ಲ, ನಿಮಗೂ ಉಪಯೋಗವಾಗಬಹುದು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು, ಉಬ್ಬಿತು ಎಂದು ಇವರು ಹೇಳುವುದು ಸುಳ್ಳಲ್ಲ. ಹಸಿದ ಜಠರ ನಿಧಾನವಾಗಿ ಕೆಲಸ ಮಾಡುತ್ತದೆ. ಊಟ ಮುಂದುವರಿದ ಹಾಗೆ ಸರಿಹೋಗುತ್ತದೆ. ಇನ್ನೊಂದು, ಊಟ ಆರಂಭಿಸಿದ ದಿನಗಳಲ್ಲಿ ಮುಖ, ಕಾಲು ಸ್ವಲ್ಪ ಊದಬಹುದು. ಅವಳು ಅದನ್ನು ಕಂಡು, “ಒಂದೇ ವಾರದಲ್ಲಿ ತೋರ ಆದೆ” ಎಂದು ಗಾಬರಿಯಾದಳು. ಅದು ಕೊಬ್ಬಲ್ಲ, ನೀರು. ಆದರೂ ಊದಿಕೊಂಡರೆ ವೈದ್ಯರಿಗೆ ತಿಳಿಸಬೇಕು. ತೂಕ ನೋಡುವುದು ಆಸ್ಪತ್ರೆಯಲ್ಲಿ ಮಾತ್ರ ಎಂದು ಮನೆಯಲ್ಲಿದ್ದ ತಕ್ಕಡಿಯನ್ನು ಅಕ್ಕ ಪಕ್ಕದ ಮನೆಗೆ ಕೊಟ್ಟರು.

ನಮ್ಮ ನಾಲಿಗೆಗಳು

ಭಾನುವಾರ ಪೂಜೆ ಮುಗಿದು ಹೊರಗೆ ಬಂದೊಡನೆ ನಾವು ಒಬ್ಬರನ್ನೊಬ್ಬರು ಮಾತಾಡಿಸುವ ರೀತಿ ನೋಡಿ. “ಏನು, ಇಷ್ಟು ಸಪೂರ ಆಗಿದ್ದೀ?” “ಅಬ್ಬಾ, ತೋರ ಆಗಿದ್ದೀಯಲ್ಲ!” ಇದು ಪ್ರೀತಿಯ ಮಾತೆಂದೇ ನಾವೆಲ್ಲ ತಿಳಿದಿದ್ದೇವೆ. ನಮ್ಮ ಹುಡುಗಿಗೆ ಕಾಯಿಲೆ ಹಿಡಿಯುವ ವರ್ಷದ ಮೊದಲು ಒಂದು ರೋಸ್ ಸಮಾರಂಭದಲ್ಲಿ, ಸೀರೆ ಉಟ್ಟವಳಿಗೆ ಸಂಬಂಧಿಕರೊಬ್ಬರು ನಗುನಗುತ್ತಾ ಒಂದು ಮಾತು ಅಂದಿದ್ದರು. ಅವರಿಗೆ ಅದು ನೆನಪಿರಲಾರದು. ಅವಳಿಗೆ ಅಕ್ಷರ ಅಕ್ಷರವೂ ನೆನಪಿದೆ. ಆ ಒಂದು ಮಾತೇ ಕಾಯಿಲೆ ತಂದಿತೆಂದು ನಾವು ಹೇಳುವುದಿಲ್ಲ. ಒಣಗಿದ ಹುಲ್ಲಿನ ಬಳಿ ಕಡ್ಡಿ ಗೀರಬಾರದು ಎಂದಷ್ಟೇ ಹೇಳುತ್ತೇವೆ.

ಗುಣವಾಗುತ್ತಿರುವಾಗಲೂ ಎಚ್ಚರ ಬೇಕು. “ಈಗ ಮೈ ತುಂಬಿಕೊಂಡು ಚೆನ್ನಾಗಿದ್ದೀ” ಎಂದು ಇಗರ್ಜಿಯ ಮೆಟ್ಟಿಲಲ್ಲಿ ಒಬ್ಬ ತಾಯಿ ಒಳ್ಳೆಯ ಮನಸ್ಸಿನಿಂದ ಹೇಳಿದರು. ಆ ರಾತ್ರಿ ಅವಳು ಉಣ್ಣಲಿಲ್ಲ. ಮಕ್ಕಳ ದೇಹದ ಬಗ್ಗೆ ಮಾತೇ ಬೇಡ. “ನಿನ್ನನ್ನು ಕಂಡು ಖುಷಿಯಾಯಿತು”, “ಪರೀಕ್ಷೆ ಹೇಗಾಯಿತು?” ಎಂದರೆ ಸಾಕು. ನಮ್ಮ ಧರ್ಮಕೇಂದ್ರದಲ್ಲಿ ಇದನ್ನು ಕ್ರೈಸ್ತ ಶಿಕ್ಷಣದ ಶಿಕ್ಷಕರಿಂದ ಆರಂಭಿಸಿದ್ದೇವೆ.

ಉಪವಾಸಕ್ಕೆ ಪಾಸ್ಖವಿದೆ

ಈಗ ನಮ್ಮ ತಪ್ಪಿಗೆ ಬರೋಣ. 1983ರ ಧರ್ಮಸಭೆಯ ಕಾನೂನು ಸಂಹಿತೆಯನ್ನು ನಾವು ಗುರುಮಠದಲ್ಲಿ ಓದಿದವರು. ಅದರ 1252ನೆಯ ವಿಧಿಯಂತೆ ಉಪವಾಸದ ಕಟ್ಟಳೆ 18 ವರ್ಷ ತುಂಬಿದವರಿಂದ 60ನೆಯ ವರ್ಷಕ್ಕೆ ಕಾಲಿಡುವವರೆಗಿನವರಿಗೆ ಮಾತ್ರ. ಮಾಂಸವರ್ಜನೆ 14 ತುಂಬಿದವರಿಗೆ. ಕಡ್ಡಾಯ ಉಪವಾಸದ ದಿನಗಳು ವರ್ಷಕ್ಕೆ ಎರಡೇ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನವೂ ಒಂದು ಪೂರ್ಣ ಊಟ ಉಂಟು. ಕಾಯಿಲೆಯವರನ್ನು ಈ ಕಟ್ಟಳೆ ಬಾಧಿಸುವುದೇ ಇಲ್ಲ. ಹದಿನಾರರ ಹುಡುಗಿಗೆ ಧರ್ಮಸಭೆ ಕೇಳದ ಉಪವಾಸವನ್ನು ನಾವು ವೇದಿಕೆಯಿಂದ ಹೊಗಳಿದೆವು. ಪರಮಪ್ರಸಾದಕ್ಕೆ ಮೊದಲಿನ ಉಪವಾಸವೆಂದು ಅವಳು ಭಾನುವಾರ ಬೆಳಗಿನ ತಿಂಡಿ ಬಿಡುತ್ತಿದ್ದಳು. ನಿಯಮ ಕೇಳುವುದು ಒಂದೇ ಗಂಟೆ, ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಅದೂ ಇಲ್ಲ. ಇದನ್ನು ನಾವು ಅವಳಿಗೆ ಹೇಳಿದ್ದು ಬಹಳ ತಡವಾಗಿ.

“ಸಂತರು ಉಪವಾಸ ಮಾಡಲಿಲ್ಲವಾ?” ಎಂದು ಅವಳು ಒಮ್ಮೆ ಕೇಳಿದಳು. ಅವಳ ಮನಸ್ಸಿನಲ್ಲಿದ್ದವರು ಸಿಯೆನಾದ ಸಂತ ಕ್ಯಾಥರೀನ್. 1347ರಲ್ಲಿ ಹುಟ್ಟಿದ ಆ ಮಹಾತಾಯಿ 1380ರಲ್ಲಿ, 33ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ನೀರು ನುಂಗುವುದೂ ಅವರಿಗೆ ಕಷ್ಟವಾಗಿತ್ತು. ಅವರ ಪಾಪನಿವೇದನೆಯ ಗುರುಗಳು ಊಟ ಮಾಡುವಂತೆ ಆಜ್ಞಾಪಿಸಿದ್ದರು. ಎಲ್ಲರಂತೆ ಉಣ್ಣುವ ಕೃಪೆಗಾಗಿ ತಾನು ದೇವರನ್ನು ಬೇಡುತ್ತಿರುವುದಾಗಿ ಕ್ಯಾಥರೀನ್ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಅವರು ಸಂತರಾದದ್ದು ಪ್ಲೇಗು ಹಿಡಿದವರ ಸೇವೆಯಿಂದ, ಧರ್ಮಸಭೆಯ ಶಾಂತಿಗಾಗಿ ಪಟ್ಟ ಪಾಡಿನಿಂದ, ದೇವರ ಮೇಲಿನ ಪ್ರೀತಿಯಿಂದ. ಊಟ ಸೇರದೆ ಹೋದದ್ದು ಅವರ ಶಿಲುಬೆ, ಅವರ ಸಾಧನೆಯಲ್ಲ. ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು.

ಉಪವಾಸವನ್ನೂ ಕಾಯಿಲೆಯನ್ನೂ ಹೇಗೆ ಬೇರ್ಪಡಿಸುವುದು ಎಂದು ನೀವು ಕೇಳಬಹುದು. ಉಪವಾಸಕ್ಕೆ ಕೊನೆಯಿದೆ, ಪಾಸ್ಖದ ಗಂಟೆ ಬಾರಿಸಿದಾಗ ಅದು ಹಬ್ಬವಾಗುತ್ತದೆ. ಕಾಯಿಲೆಗೆ ಪಾಸ್ಖವಿಲ್ಲ. ಉಪವಾಸದಲ್ಲಿ ಉಳಿಸಿದ ತುತ್ತು ಬಡವರಿಗೆ ಹೋಗುತ್ತದೆ. ಕಾಯಿಲೆಯಲ್ಲಿ ಅದು ಕಿಟಕಿಯಿಂದ ಹೊರಗೆ ಹೋಗುತ್ತದೆ. ಉಪವಾಸ ಮಾಡುವವರ ಗಮನ ದೇವರ ಕಡೆಗೆ, ನೆರೆಯವರ ಕಡೆಗೆ. ಕಾಯಿಲೆಯವರು ದಿನವಿಡೀ ತಮ್ಮ ದೇಹದ ಲೆಕ್ಕದಲ್ಲೇ ಸಿಕ್ಕಿಬೀಳುತ್ತಾರೆ. ತಪಸ್ಸು ಕಾಲದಲ್ಲಿ ನಿಮ್ಮ ಮಗು ಊಟ ಬಿಡಲು ಆರಂಭಿಸಿದರೆ, ಊಟದ ಬದಲು ಮೊಬೈಲು ಬಿಡಲು, ಅಜ್ಜಿಯ ಕಾಲೊತ್ತಲು, ಕಾಯಿಲೆಯವರನ್ನು ನೋಡಿಬರಲು ಹೇಳಿ. ಒಪ್ಪದೆ ಊಟವನ್ನೇ ಬಿಡುತ್ತೇನೆಂದರೆ ಸ್ವಲ್ಪ ಗಮನವಿಡಿ.

ತಡಮಾಡಬೇಡಿ

ಮಗು ತಲೆಸುತ್ತಿ ಬಿದ್ದರೆ, ಎದೆ ನೋವು ಅಥವಾ ಎದೆ ಹೊಡೆದುಕೊಳ್ಳುವುದು ಎಂದರೆ, ವಾಂತಿಯಲ್ಲಿ ರಕ್ತ ಕಂಡರೆ, ನೀರನ್ನೂ ಬೇಡವೆಂದರೆ, ಬದುಕುವುದೇ ಬೇಡವೆಂಬ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಡಿ, ರಕ್ತದೊತ್ತಡ, ಇಸಿಜಿ, ರಕ್ತದ ಲವಣಗಳನ್ನು ನೋಡಲು ಕೇಳಿ. ಮುಟ್ಟು ಮೂರು ತಿಂಗಳು ನಿಂತರೆ, ಕೂಡಿ ಉಣ್ಣುವುದನ್ನು ತಪ್ಪಿಸುತ್ತಾ ಹೋದರೆ, ತೂಕ ಇಳಿಯುತ್ತಲೇ ಇದ್ದರೆ ವಾರದೊಳಗೆ ವೈದ್ಯರನ್ನು ಕಾಣಿ. ಒಬ್ಬರು ಗದರಿಸಿ ಕಳಿಸಿದರೆ ಇನ್ನೊಬ್ಬರ ಬಳಿ ಹೋಗಿ. ಯಾರನ್ನು ಕೇಳಬೇಕೆಂದೇ ತೋಚದಿದ್ದರೆ 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಫೋನ್ ಮಾಡಬಹುದು. ಗಡಿಯ ಈಚೆಗಿರುವ ನಮಗೆ ಭಾಷೆಯ ಅಂಜಿಕೆ ಬೇಡ, ಮಲಯಾಳದಲ್ಲೂ ಕನ್ನಡದಲ್ಲೂ ಮಾತಾಡುವವರಿದ್ದಾರೆ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ಪ್ರಸಂಗವಿದೆ. ಹನ್ನೆರಡು ವರ್ಷದ ಹುಡುಗಿ. ಮನೆಯ ಮುಂದೆ ಅಳುವವರ ಗದ್ದಲ. ಯೇಸುಸ್ವಾಮಿ ಅವರನ್ನೆಲ್ಲಾ ಹೊರಗೆ ಕಳಿಸಿ, ತಂದೆತಾಯಿಯನ್ನೂ ತಮ್ಮ ಜೊತೆಗಿದ್ದವರನ್ನೂ ಮಾತ್ರ ಒಳಗೆ ಕರೆದುಕೊಂಡು, ಮಗುವಿನ ಕೈಹಿಡಿದು ಎಬ್ಬಿಸುತ್ತಾರೆ. ಈ ಅದ್ಭುತದ ಮೇಲೆ ನಾವು ಎಷ್ಟೋ ಸಲ ಪ್ರಸಂಗ ಮಾಡಿದ್ದೇವೆ. ಕೊನೆಯ ಸಾಲನ್ನು ಮಾತ್ರ ಗಮನಿಸಿರಲಿಲ್ಲ. ಹುಡುಗಿ ಎದ್ದು ನಡೆದಾಡಿದ ಮೇಲೆ ಸ್ವಾಮಿ ಮನೆಯವರಿಗೆ ಒಂದು ಕೆಲಸ ಹೇಳುತ್ತಾರೆ: ಆಕೆಗೆ ಊಟ ಕೊಡುವಂತೆ. ಉಣ್ಣು ಎಂದು ಹುಡುಗಿಗೆ ಆಜ್ಞಾಪಿಸಲಿಲ್ಲ, ಕೊಡಿ ಎಂದು ಮನೆಯವರಿಗೆ ಹೇಳಿದರು. ಎಬ್ಬಿಸುವ ಕೆಲಸ ಅವರದ್ದು, ಬಡಿಸುವ ಕೆಲಸ ನಮ್ಮದು.

ನಮ್ಮ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಪೂರ್ತಿ ಗುಣವಾದಳೆಂದು ಹೇಳಲಾರೆವು. ಮುಟ್ಟು ಮರಳಲು ಒಂಬತ್ತು ತಿಂಗಳು ಬೇಕಾಯಿತು. ನಡುವೆ ಒಮ್ಮೆ ಮತ್ತೆ ಜಾರಿದಳು, ಮತ್ತೆ ಬಟ್ಟಲಿನ ಬಳಿ ಕೂತೆವು. ಮೂಳೆಯ ಪರೀಕ್ಷೆ, ಮನೋವೈದ್ಯರ ಭೇಟಿ ಇನ್ನೂ ನಡೆದಿವೆ. ಕಳೆದ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಅಕ್ಕನ ಮನೆಗೆ ಹೋಗಿದ್ದೆವು. ಆಶೀರ್ವದಿಸಿದ ತೆನೆಯ ಕಾಳು ಸುಲಿದು ಪಾಯಸಕ್ಕೆ ಹಾಕಿದವಳು ಅವಳೇ. ಬಾಳೆ ಎಲೆಯಲ್ಲಿ ಎಲ್ಲರಿಗೂ ಬಡಿಸಿ, ತಮ್ಮನ ಪಕ್ಕದಲ್ಲಿ ತಾನೂ ಎಲೆ ಹಾಕಿಕೊಂಡು ಕೂತಳು. ಪಾಯಸ ಕುಡಿದಳು. ಅವಳ ಎಲೆಯಲ್ಲಿ ಕೊನೆಗೆ ಸ್ವಲ್ಪ ಅನ್ನ ಉಳಿದಿತ್ತು. ಅಕ್ಕ ಅದನ್ನು ನೋಡಿದರು, ನಾವೂ ನೋಡಿದೆವು. ಯಾರೂ ಏನೂ ಹೇಳಲಿಲ್ಲ. ಕೈತೊಳೆದು ಬಂದವಳು, “ಮಾಮ, ಮುಂದಿನ ಮಂಗಳವಾರ ಬರುತ್ತೀರಲ್ಲಾ?” ಎಂದಳು. ಬರುತ್ತೇವೆ ಎಂದೆವು.

ನಿಮ್ಮ ಮನೆಯ ಬಟ್ಟಲುಗಳ ಬಳಿ ಪ್ರಭು ಸದಾ ನಿಮ್ಮ ಜೊತೆ ಕೂರಲಿ.